ನಾನು ಒಡೆಸಿದ ಮೀನಿನ ತೊಟ್ಟಿ

"ತಿನ್ನೋ ಮೀನು ನಮ್ಮನೆ ಮೆಟ್ಟಿಲು ಹತ್ತಬಾರದು ಕಣಮ್ಮ. ನೋಡೋ ಮೀನು ಬೇಕಾದ್ರೆ ಬರಲಿ," ಎಂದರು ಯಜಮಾನರು.

ಬನಶಂಕರಿ ಎರಡನೇ ಹಂತದ ಅವರ ಮನೆಯ ತಾರಸಿಯ ಮೇಲೆ ನಿಂತಿದ್ದೆವು. ಅವರು ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಿಂದ ನಿವೃತ್ತರಾದ ಎಂಜಿನಿಯರು, ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಮೊಟ್ಟೆ ಕೂಡ ಒಳಗೆ ಬರದ ಮನೆ. ಆದರೂ ಮೊಬೈಲಿನಲ್ಲಿ ಅಕ್ವಾಪೋನಿಕ್ಸ್ ವಿಡಿಯೋಗಳನ್ನು ನೋಡಿ ನೋಡಿ ಅವರಿಗೆ ಹುಚ್ಚು ಹಿಡಿದಿತ್ತು. ತೊಟ್ಟಿಯಲ್ಲಿ ಮೀನು, ಪಕ್ಕದಲ್ಲಿ ಜಲ್ಲಿ ತುಂಬಿದ ಪಾತಿ. ಮೀನಿನ ಹೊಲಸು ನೀರನ್ನು ಪಂಪು ಪಾತಿಗೆ ಎತ್ತುತ್ತದೆ, ಜಲ್ಲಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಅದನ್ನು ಗೊಬ್ಬರ ಮಾಡುತ್ತವೆ, ಸೊಪ್ಪು ಅದನ್ನು ಉಣ್ಣುತ್ತದೆ, ಚೊಕ್ಕಟವಾದ ನೀರು ಮತ್ತೆ ಮೀನಿಗೇ ಇಳಿಯುತ್ತದೆ. ಮಣ್ಣೂ ಬೇಡ, ಗೊಬ್ಬರದ ಮೂಟೆಯೂ ಬೇಡ. ಇದು ಚೆನ್ನಾಗಿ ನಡೆದರೆ ಸಂಘದ ಕಟ್ಟಡದ ಹಿಂದಿನ ಜಾಗದಲ್ಲಿ ಇಂಥವೇ ನಾಲ್ಕು ತೊಟ್ಟಿ ಮಾಡಿಸುವುದು ಅವರ ಯೋಜನೆ.

ನಾನು ಸಂಪು, ಮಳೆನೀರಿನ ತೊಟ್ಟಿ ಮಾಡಿಸುವ ಹೆಂಗಸು. ಮೀನು ಸಾಕುವುದರ ಗಂಧಗಾಳಿ ನನಗೂ ಇರಲಿಲ್ಲ. "ಆಗುತ್ತೆ ಬಿಡಿ ಸಾರ್. ನೀರು ತಾನೇ?" ಎಂದುಬಿಟ್ಟೆ. ನೀರಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನುವ ಕೊಬ್ಬು ಆಗ ಇತ್ತು.

ಕೆಳಗಿಳಿದವಳೇ ಮೇಸ್ತ್ರಿಗೆ ಫೋನು ಮಾಡಿದೆ. ಹನ್ನೊಂದು ವರ್ಷದಿಂದ ನನ್ನ ತೊಟ್ಟಿಗಳನ್ನೆಲ್ಲ ಕಟ್ಟಿದವರು ಅವರು. ಎರಡು ವರ್ಷದ ಹಿಂದೆ ಬೇರೆಯವರ ಕೆಲಸದಲ್ಲಿ ಗೋಡೆಗೆ ಕಟ್ಟಿದ ಸಾರ್ವೆಯಿಂದ ಬಿದ್ದು ಸೊಂಟದ ಕೆಳಗೆ ರಾಡು ಹಾಕಿಸಿಕೊಂಡಿದ್ದರು. ಮತ್ತೆ ಸಾರ್ವೆ ಹತ್ತಿದರೆ ಕಾಲು ಕೈಗೆ ಸಿಗುವುದಿಲ್ಲ ಎಂದು ಡಾಕ್ಟರು ಗದರಿಸಿ ಕಳಿಸಿದ್ದರು. ಸಂಪಿನ ಕೆಲಸ ವರ್ಷಪೂರ್ತಿ ಇರುವುದಿಲ್ಲ. ಉಳಿದ ದಿನ ಅವರು ಮನೆಯಲ್ಲೇ ಕೂರಬೇಕಿತ್ತು.

"ಫೆರೋಸಿಮೆಂಟ್ ತೊಟ್ಟಿನಾ ಅಕ್ಕ?" ಎಂದರು. ಕಂಬಿಯ ಬಲೆ ಹೆಣೆದು ಎರಡೂ ಕಡೆಯಿಂದ ತೆಳ್ಳಗೆ ಗಾರೆ ಬಳಿದು ಮಾಡುವ ತೊಟ್ಟಿ ಅದು. ಎಲ್ಲವನ್ನೂ ನಿಂತ ನೆಲದಲ್ಲೇ ಮಾಡಬಹುದು. "ಇದೊಂದು ನೆಟ್ಟಗೆ ಬಂದ್ರೆ ಸಾಕು. ಮುಂದಿನ ನಾಕು ತೊಟ್ಟಿನೂ ನಮ್ಗೇ ಬಂದ್ರೆ, ಅದನ್ನ ನೋಡಿ ಇನ್ನಾಕು ಮನೆಯವ್ರು ಕರೀತಾರೆ. ನಾನು ನೆಲದ ಮೇಲೇ ಬದುಕ್ಕೊತೀನಿ."

ಕೆಲಸ ಶುರುವಾಯಿತು. ಸಾವಿರದ ಇನ್ನೂರು ಲೀಟರು ನೀರೆಂದರೆ ಒಂದು ಟನ್ನಿಗಿಂತ ಹೆಚ್ಚು ಭಾರ. ತಾರಸಿಯ ನಡುವೆ ಇಟ್ಟರೆ ಸೂರು ಬಿರುಕು ಬಿಡುತ್ತದೆ. ಯಜಮಾನರು ಮನೆಯ ನಕ್ಷೆ ತೆಗೆದು, ಎರಡು ತೊಲೆ ಕೂಡುವ ಮೂಲೆಯನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಟ್ಟರು. ಮೇಸ್ತ್ರಿ ಅಲ್ಲಿ ನಾಲ್ಕೂವರೆ ಅಡಿ ಅಗಲ, ಮೂರಡಿ ಎತ್ತರದ ಗುಂಡನೆಯ ಪಂಜರ ಕಟ್ಟಿದರು. ಮೊದಲು ತೆಳು ಕಂಬಿಯ ಬಳೆಗಳು, ಮೇಲೆ ವೆಲ್ಡ್ ಮೆಶ್, ಅದರ ಮೇಲೆ ಎರಡು ಸುತ್ತು ಚಿಕನ್ ಮೆಶ್. ಗೇಣಿಗೊಂದು ಕಡೆ ಬೈಂಡಿಂಗ್ ವೈರಿನ ಗಂಟು. ತಳದಲ್ಲಿ ಪಂಪು ಕೂರಲು ಒಂದು ಗೇಣು ಆಳದ ಕುಳಿ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಜರಡಿ ಹಿಡಿದ ಮರಳು. ಒಳಗಿನಿಂದ ನಾನು ಹಲಗೆ ಒತ್ತಿ ಹಿಡಿದರೆ ಹೊರಗಿನಿಂದ ಅವರು ಕರಣೆಯಲ್ಲಿ ಗಾರೆಯನ್ನು ಬಲೆಯೊಳಕ್ಕೆ ತಳ್ಳುತ್ತಿದ್ದರು. ಒಂದಿಂಚು ದಪ್ಪ, ಎಲ್ಲೂ ಹೆಚ್ಚುಕಡಿಮೆ ಇಲ್ಲ. ಒದ್ದೆ ಗೋಣಿಚೀಲ ಸುತ್ತಿ ಹತ್ತು ದಿನ ನೀರುಣ್ಣಿಸಿದೆವು. ಅವರು ದಿನಕ್ಕೆ ಮೂರು ಸಲ ಬಂದು, ಆ ಕಾಲು ಎಳೆದುಕೊಂಡು ಎರಡು ಮಹಡಿ ಹತ್ತಿ, ಚೀಲ ಒಣಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದರು.

ಪಾತಿಗೆ ಮೂರು ನೀಲಿ ಡ್ರಮ್ಮುಗಳನ್ನು ಉದ್ದಕ್ಕೆ ಸೀಳಿ ಆರು ಮಾಡಿದೆವು. ಮೊದಲು ಶರಬತ್ತಿನ ಪಾಕ ತುಂಬುತ್ತಿದ್ದ ಡ್ರಮ್ಮುಗಳವು, ಎಷ್ಟು ತೊಳೆದರೂ ಇರುವೆ ಬರುತ್ತಿದ್ದವು. ಜಲ್ಲಿಯ ಮೇಲೆ ವಿನೆಗರ್ ಸುರಿದು ನೋಡಿದೆ. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ ಎಂದರ್ಥ. ಬರಲಿಲ್ಲ. ಕೈಕೊಟ್ಟಿದ್ದು ಸೈಫನ್. ಪಾತಿಯಲ್ಲಿ ನೀರು ಒಂದು ಮಟ್ಟಕ್ಕೆ ಏರಿದ ಕೂಡಲೇ ತಾನಾಗಿಯೇ ಎಳೆದುಕೊಂಡು ಖಾಲಿಯಾಗಬೇಕು, ಆಗಲೇ ಬೇರಿಗೆ ಉಸಿರಾಡಲು ಗಾಳಿ ಸಿಗುವುದು. ನಮ್ಮದು ಎಳೆಯಲೇ ಇಲ್ಲ, ಸುಮ್ಮನೆ ತೊಟ್ಟಿಕ್ಕುತ್ತಿತ್ತು. ನಾಲ್ಕು ದಿನ ನಾನು ಪೈಪುಗಳನ್ನು ಬಿಚ್ಚಿ ಜೋಡಿಸಿ ಬೈದಾಡಿದೆ. ಐದನೆಯ ದಿನ ಮೇಸ್ತ್ರಿ ಒಳಪೈಪಿನ ಬಾಯಿಗೆ ಆಲಿಕೆಯಂತೆ ಅಗಲವಾದ ರೆಡ್ಯೂಸರ್ ಕೂರಿಸಿ, "ಈಗ ಬಿಡಿ ಅಕ್ಕ," ಎಂದರು. ಗಳಗಳ ಎಂದು ಎಳೆದುಕೊಂಡಿತು. ಯಜಮಾನರು ಚಪ್ಪಾಳೆ ತಟ್ಟಿದರು, ನನಗೆ ಒಳಗೇ ಚುರುಕ್ಕೆಂದಿತು. ಅದನ್ನೂ ಇಲ್ಲಿ ಹೇಳಿಬಿಡಬೇಕು. ನನ್ನ ಕೆಲಸದಲ್ಲಿ ಮೇಸ್ತ್ರಿಗೆ ಚಪ್ಪಾಳೆ ಬಿದ್ದದ್ದು ನನಗೆ ಸಹಿಸಲಾಗಲಿಲ್ಲ.

ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತದೆ, ಮೀನಿಗೆ ಆಗುವುದಿಲ್ಲ. ತೊಟ್ಟಿ ತುಂಬಿಸಿ, ಬಾಳೆದಿಂಡು ಕೊಚ್ಚಿ ಹಾಕಿ ವಾರ ಬಿಟ್ಟು, ಚೆಲ್ಲಿ, ಮತ್ತೆ ತುಂಬಿಸಿದೆವು. ಹೀಗೆ ಮೂರು ಸಲ. ಯಜಮಾನರು ಪ್ರತಿದಿನ ಬಣ್ಣದ ಪಟ್ಟಿ ಅದ್ದಿ ನೀರಿನ ಪಿಎಚ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಒಂಬತ್ತರ ಮೇಲಿದ್ದದ್ದು ಏಳೂವರೆಗೆ ಇಳಿಯಿತು. "ಪಾಸ್," ಎಂದರು.

ನಾಲ್ಕನೆಯ ಸಲ ತುಂಬಿಸಿದ್ದು ಮಳೆನೀರು. ಬೋರ್‌ವೆಲ್ ನೀರು ಗಡಸು, ಮಳೆನೀರು ಮೆದು, ಮೀನು ಅದರಲ್ಲಿ ಹಾಯಾಗಿರುತ್ತದೆ ಎಂದು ನಾನೇ ಹಟ ಹಿಡಿದೆ. ತುಂಬಿಸುವ ಮುಂಚೆ ಗಂಗೆ ಪೂಜೆ. ನಮ್ಮ ಮಾವನವರ ಕಾಲದಿಂದಲೂ ನಮ್ಮ ಮನೆಯವರು ಮಾಡಿದ ಯಾವ ಸಂಪೂ ತಾಮ್ರವಿಲ್ಲದೆ ತುಂಬಿಲ್ಲ. ಅಂಗೈ ಅಗಲದ ತಾಮ್ರದ ತಗಡಿಗೆ ಅರಿಶಿನ ಕುಂಕುಮ ಹಚ್ಚಿ, ತಳದ ಕುಳಿಯಲ್ಲಿ ಪಂಪಿನ ಕೆಳಗೆ ಇಡುತ್ತೇವೆ. ಹರಿಯುವ ನೀರೆಲ್ಲ ಅದನ್ನು ಮುಟ್ಟಿಕೊಂಡೇ ಹೋಗಬೇಕು. ಯಜಮಾನರ ಹೆಂಡತಿ ಆರತಿ ಎತ್ತಿದರು. ಕುಳಿಗೆ ಕೈಹಾಕಿ ತಗಡನ್ನು ಇಟ್ಟವಳು ನಾನು. ಮೇಸ್ತ್ರಿ ಆಗ ಕೆಳಗೆ ಅಂಗಳದ ಮಳೆನೀರಿನ ಸಂಪಿಗೆ ಪೈಪು ಜೋಡಿಸುತ್ತಿದ್ದರು.

ತಿಂಗಳೊಪ್ಪತ್ತು ನೀರನ್ನು ಸುಮ್ಮನೆ ಓಡಿಸಿ, ಜಲ್ಲಿ ಹದಕ್ಕೆ ಬಂದ ಮೇಲೆ ಜಯನಗರದ ಮೀನಿನ ಅಂಗಡಿಯಿಂದ ಮೂವತ್ತು ಕೋಯಿ ಮರಿ ತಂದು ಬಿಟ್ಟೆವು. ಕಿತ್ತಲೆ, ಬಿಳಿ, ಮಚ್ಚೆಯವು. ಪಾಲಕ್, ಪುದೀನ ಚಿಗುರಿದವು. ಯಜಮಾನರ ಹೆಂಡತಿ ಮೊದಲ ಕಟ್ಟು ಪಾಲಕ್ಕನ್ನು ಮೇಸ್ತ್ರಿಯ ಕೈಗೇ ಕೊಟ್ಟರು. ಸಂಘದವರನ್ನು ಒಂದು ಭಾನುವಾರ ಕರೆದು ತೋರಿಸುವುದೆಂದು ಯಜಮಾನರು ದಿನ ಗೊತ್ತುಮಾಡಿದರು.

ಅದಕ್ಕೆ ಇನ್ನೂ ಎರಡು ವಾರವಿದ್ದಾಗ ಮೇಸ್ತ್ರಿ ಹೇಳಿದರು: "ಅಕ್ಕ, ಗಿಡದ ಜೊತೆ ಬಂದಿದ್ದ ಬಸವನಹುಳು ಎಲ್ಲಾ ಸತ್ತೋಗಿವೆ. ತೊಟ್ಟಿ ಗೋಡೆ ತುಂಬಾ ಇದ್ವು, ಈಗ ಒಂದೂ ಇಲ್ಲ. ನೀರಲ್ಲಿ ಏನೋ ಇದೆ."

"ಬಸವನಹುಳು ಸತ್ರೆ ಒಳ್ಳೇದೇ ಆಯ್ತು. ಸೊಪ್ಪು ತಿನ್ನೋವು," ಎಂದೆ.

ಆಮೇಲೆ ಮೀನುಗಳು ಮೇವು ಬಿಟ್ಟವು. ನೀರಿನ ಮೇಲ್ಗಡೆಗೇ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು, ಗೋಡೆಗೆ ಮೈ ಉಜ್ಜಿಕೊಳ್ಳುತ್ತಿದ್ದವು. ಗಾಳಿಯ ಯಂತ್ರ ಹಾಕಿದೆ, ಉಪ್ಪು ಹಾಕಿದೆ, ನೀರು ಅರ್ಧ ಬದಲಿಸಿದೆ. ಎರಡು ದಿನ ಚೇತರಿಸಿಕೊಂಡವು, ಮತ್ತೆ ಹಾಗೇ. ಆ ಭಾನುವಾರ ಬೆಳಿಗ್ಗೆ ಮೆಟ್ಟಿಲು ಹತ್ತಿ ನೋಡಿದರೆ ಹತ್ತೊಂಬತ್ತು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವು ಮಗ್ಗುಲಾಗಿ ಸುತ್ತುತ್ತಿದ್ದವು. ಸತ್ತವನ್ನು ಬಲೆಯಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಿರುವಾಗಲೇ ಸಂಘದವರ ಮಾತು, ನಗು ಮೆಟ್ಟಿಲಲ್ಲಿ ಕೇಳಿಸಿತು.

ಎಂಟೊಂಬತ್ತು ಜನ ಬಂದು ಬಕೆಟ್ ಸುತ್ತ ನಿಂತರು. ಒಬ್ಬರು ಮೂಗು ಮುಚ್ಚಿಕೊಂಡರು. ಯಜಮಾನರ ಮುಖ ಬಿಳಿಚಿತ್ತು. "ಏನಮ್ಮ ಇದು? ಕಾರಣ ಏನು?"

ನನಗೆ ಕಾರಣ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಷ್ಟು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಮೇಸ್ತ್ರಿ ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ನೀರಿನ ಟ್ಯಾಂಕಿನ ಪಕ್ಕ ನಿಂತಿದ್ದರು.

"ಕಾರಣ ಅಲ್ಲಿ ನಿಂತಿದೆ ನೋಡಿ ಸಾರ್," ಎಂದೆ. "ಸಿಮೆಂಟು ಸುಣ್ಣ ಬಿಡ್ತಾ ಇದೆ. ಗಾರೆ ಹದ ತಪ್ಪಿದೆ. ಹನ್ನೊಂದು ವರ್ಷ ನಂಬ್ಕೊಂಡಿದ್ದಕ್ಕೆ ನನ್ನ ಮಾನ ತೆಗೆದ್ಬಿಟ್ಟ."

"ಅಕ್ಕ, ಮೂರು ಸಲ ತೊಳ್ದಿದೀವಿ..."

"ಮುಚ್ಚು ಬಾಯಿ. ಕಾಲೂ ನೆಟ್ಟಗಿಲ್ಲ, ಕೈಯೂ ನೆಟ್ಟಗಿಲ್ಲ, ನಿಂಗ್ಯಾಕೆ ಬೇಕು ಈ ಕೆಲಸ?"

ಹನ್ನೊಂದು ವರ್ಷ ಅವರನ್ನು ಬಹುವಚನದಲ್ಲೇ ಕರೆದಿದ್ದೆ. ಅವತ್ತು ನಾಲಿಗೆ ಹರಿಬಿಟ್ಟೆ. ಅವರು ಬಾಚಿದ ತಲೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡರು ಅಷ್ಟೆ.

ಯಜಮಾನರು ಮಾತ್ರ ನೋಟ್‌ಬುಕ್ ತಿರುವಿ, "ಸುಣ್ಣ ಬಿಟ್ರೆ ಪಿಎಚ್ ಏರಬೇಕಲ್ವೇನಮ್ಮ? ಇಲ್ಲಿ ಇಳೀತಾ ಬಂದಿದೆ. ಈಗ ಆರೂವರೆ ಇದೆ," ಎಂದರು.

"ಆ ಕಾಗದದ ಪಟ್ಟಿ ಎಲ್ಲಾ ನಂಬಬೇಡಿ ಸಾರ್. ನಾನು ನೀರಲ್ಲೇ ಬೆಳೆದೋಳು," ಎಂದು ಅವರ ಬಾಯಿಯನ್ನೂ ಮುಚ್ಚಿಸಿದೆ. ಅಲ್ಲಿಗೆ ನಿಲ್ಲಿಸಲಿಲ್ಲ. ಈ ತೊಟ್ಟಿ ಒಡೆಸಿ ಫೈಬರ್ ತೊಟ್ಟಿ ತಂದಿಡುತ್ತೇನೆ, ಕಟ್ಟಿದವನ ಕೈಯಲ್ಲೇ ಒಡೆಸುತ್ತೇನೆ ಎಂದೆ. ಜನ ತಲೆಯಾಡಿಸಿದರು. ಕೆಳಗಿಳಿಯುವಾಗ ಒಬ್ಬರು ಮೇಸ್ತ್ರಿಯ ಹೆಸರು ಕೇಳಿ ಮೊಬೈಲಿನಲ್ಲಿ ಬರೆದುಕೊಂಡರು, ಮುಂದೆ ಅವರನ್ನು ಕರೆಯದಿರಲು.

ಬುಧವಾರ ಮೇಸ್ತ್ರಿ ಸುತ್ತಿಗೆ ಹಿಡಿದು ಬಂದರು. ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಉಳಿದ ಮೀನುಗಳೂ ಅಷ್ಟರಲ್ಲಿ ಸತ್ತಿದ್ದವು. ನಾನು ನೀರು ಖಾಲಿ ಮಾಡಿಸುತ್ತಿದ್ದೆ, ಅವರು ಮೇಲಂಚಿನಿಂದ ಒಡೆಯಲು ಶುರುಮಾಡಿದರು. ಗಟ್ಟಿ ಕೆಲಸ, ಸುಲಭಕ್ಕೆ ಒಡೆಯಲಿಲ್ಲ. ಹೊಡೆದ ಪ್ರತಿ ಏಟಿಗೂ ಸುತ್ತಿಗೆ ವಾಪಸ್ ಬರುತ್ತಿತ್ತು, ಅವರ ಸೊಂಟ ಜಗ್ಗುತ್ತಿತ್ತು. ಗಾರೆ ಒಂದಿಂಚು ಒಳಗೂ ಕಲ್ಲಿನಂತೆ ಒಂದೇ ಸಮ ಇತ್ತು. ಹದ ತಪ್ಪಿದ ಗಾರೆ ಹಾಗಿರುವುದಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು.

ಬಗ್ಗಿ ಪಂಪನ್ನು ಎತ್ತಿದೆ. ಕುಳಿಯಲ್ಲಿ ನನ್ನ ತಗಡು. ಸಂಪುಗಳಲ್ಲಿ ವರ್ಷಗಟ್ಟಲೆ ಇದ್ದರೂ ಕಂದು ಬಣ್ಣಕ್ಕಷ್ಟೇ ತಿರುಗುವ ತಗಡು ಇಲ್ಲಿ ಹಸಿರು ಕಿಲುಬು ಹತ್ತಿ, ಅಂಚು ಸವೆದು ಬ್ಲೇಡಿನಷ್ಟು ತೆಳ್ಳಗಾಗಿತ್ತು. ಪಂಪು ಹಗಲಿರುಳು ಅದರ ಮೇಲೇ ನೀರೆಳೆದಿತ್ತು. ಕರಗಿದ್ದೆಲ್ಲ ಎಲ್ಲಿಗೆ ಹೋಯಿತು ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಬಸವನಹುಳು ನೆನಪಾಯಿತು.

ಮೇಸ್ತ್ರಿ ಆಚೆ ಬದಿಯಲ್ಲಿದ್ದರು. ಇನ್ನೂ ಮುಕ್ಕಾಲು ತೊಟ್ಟಿ ನಿಂತೇ ಇತ್ತು. 'ನಿಲ್ಲಿಸಿ ಮೇಸ್ತ್ರಿ' ಎಂದರೆ ಸಾಕಿತ್ತು. ಒಡೆದ ಅಂಚಿಗೆ ಮತ್ತೆ ಬಲೆ ಕಟ್ಟಿ ಗಾರೆ ಬಳಿಯಬಹುದಿತ್ತು. ನಾನು ತಗಡನ್ನು ಸೆರಗಿನಲ್ಲಿ ಒರೆಸಿ, ಮಡಚಿ, ಬ್ಯಾಗಿಗೆ ಹಾಕಿಕೊಂಡೆ.

"ಏನಕ್ಕ?" ಎಂದರು ಅವರು, ಸುತ್ತಿಗೆ ಇಳಿಸಿ.

"ಏನಿಲ್ಲ. ಪೂಜೆ ಸಾಮಾನು. ನೀನು ಹೊಡಿ," ಎಂದೆ.

ಮಧ್ಯಾಹ್ನ ಊಟದ ಹೊತ್ತಿಗೆ ತೊಟ್ಟಿ ನೆಲಸಮವಾಯಿತು. ಚೂರುಗಳನ್ನು ಚೀಲಕ್ಕೆ ತುಂಬಿ ಎರಡು ಮಹಡಿ ಇಳಿಸಿದ್ದೂ ಅವರೇ.

ಮರುದಿನ ಜಯನಗರದ ಮೀನಿನ ಅಂಗಡಿಯವನನ್ನು ಕೇಳಿದೆ. ಅವನು ನಕ್ಕ. "ತಾಮ್ರನಾ? ಅಕ್ಕ, ಮೀನಿಗೆ ಹುಳ ಹತ್ತಿದ್ರೆ ನಾವು ಹಾಕೋ ಔಷಧಿನೇ ತಾಮ್ರದ್ದು. ಹನಿ ಲೆಕ್ಕದಲ್ಲಿ ಹಾಕ್ತೀವಿ, ಒಂದು ಹನಿ ಜಾಸ್ತಿ ಆದ್ರೂ ಟಿಕೆಟ್ಟೇ. ಅದೂ ಮಳೆನೀರಿಗೆ ಹಾಕಿದ್ರಾ? ಮೆದು ನೀರಲ್ಲಿ ವಿಷ ಇನ್ನೂ ಜೋರು. ಪಿಎಚ್ ಇಳಿದಷ್ಟೂ ಜಾಸ್ತಿ ಕರಗುತ್ತೆ."

ಮೊದಲ ವಾರಗಳಲ್ಲಿ ಮೀನು ಚೆನ್ನಾಗಿದ್ದದ್ದು, ಪಿಎಚ್ ಇಳಿದ ಮೇಲೆ ಸತ್ತದ್ದು, ಎಲ್ಲ ಸರಿಹೋಯಿತು. ಆದರೂ ಒಪ್ಪಲು ಮನಸ್ಸು ಬರಲಿಲ್ಲ. ಸುದ್ದಗುಂಟೆಪಾಳ್ಯದ ನನ್ನ ಮನೆಯ ಹಿತ್ತಿಲಲ್ಲಿ ಎರಡು ಬಕೆಟ್ ಮಳೆನೀರಿಟ್ಟು, ಒಂದೊಂದರಲ್ಲಿ ಎರಡೆರಡು ಮೀನು ಬಿಟ್ಟು, ಒಂದಕ್ಕೆ ಮಾತ್ರ ಆ ತಗಡು ಹಾಕಿದೆ. ಮೂರನೆಯ ದಿನ ತಗಡಿದ್ದ ಬಕೆಟ್ಟಿನವು ಸತ್ತವು. ಸಾಯುವುದನ್ನು ಕೂತು ನೋಡಿದೆ. ಇನ್ನೊಂದು ಬಕೆಟ್ಟಿನವು ಮೇವಿಗೆ ಬಾಯಿ ತೆರೆಯುತ್ತಿದ್ದವು. ಯುಗಾದಿ ಹತ್ತಿರ ಬಂದಿತ್ತು ಆಗ.

ಇಷ್ಟಾದ ಮೇಲೂ ನಾನು ಬಾಯಿ ಬಿಡಲಿಲ್ಲ. ಹಬ್ಬ ಕಳೆಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಯಜಮಾನರ ತಾರಸಿಗೆ ತಂದಿಟ್ಟ ಫೈಬರ್ ತೊಟ್ಟಿ ಚೆನ್ನಾಗಿ ನಡೆದದ್ದನ್ನು ನೋಡಿ ಸಂಘದವರು ನಾಲ್ಕೂ ತೊಟ್ಟಿಗಳ ಕೆಲಸವನ್ನು ನನಗೇ ಕೊಟ್ಟರು, ಸಿಮೆಂಟು ಬೇಡ, ಫೈಬರ್ ಆಗಲಿ ಎಂದು. ಈಗ ಹೇಳಿದರೆ ಕೆಲಸ ಕೆಡುತ್ತದೆ, ಮುಗಿದ ಮೇಲೆ ಹೇಳೋಣ ಎಂದುಕೊಂಡೆ. ಆ ತೊಟ್ಟಿಗಳ ಮೀನಿಗೆ ಏನೂ ಆಗಲಿಲ್ಲ. ಅವುಗಳ ತಳಕ್ಕೆ ನಾನು ತಾಮ್ರ ಹಾಕಲಿಲ್ಲವಲ್ಲ. ಸೊಪ್ಪು ಮೊಣಕಾಲೆತ್ತರ ಬೆಳೆಯಿತು. "ಆ ಮೇಸ್ತ್ರಿನ ಬಿಟ್ಟಿದ್ದೇ ಒಳ್ಳೇದಾಯ್ತು ನೋಡಿ," ಎಂದು ಜನ ಹೊಗಳಿದರು. ನಾನು ನಕ್ಕೆ. ನಿಜವಾಗಿಯೂ ನಕ್ಕೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬಿಟಿಎಂ ಲೇಔಟಿನಲ್ಲಿ ಹೂ ಕೊಳ್ಳುತ್ತಿದ್ದೆ. ಎದುರಿಗೆ ಏಳುತ್ತಿದ್ದ ನಾಲ್ಕು ಮಹಡಿಯ ಪಿಜಿ ಕಟ್ಟಡದ ಸಾರ್ವೆಯ ಬುಡದಲ್ಲಿ ಒಬ್ಬ ಮನುಷ್ಯ ಕೂತು ತೊಡೆಗೆ ಬಟ್ಟೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದ. ಎದ್ದು, ಕಂಬ ಹಿಡಿದು, ಒಳ್ಳೆ ಕಾಲನ್ನು ಮೇಲಿಟ್ಟು ಇನ್ನೊಂದನ್ನು ಕೈಯಿಂದ ಎತ್ತಿ ಇಟ್ಟ. ಹಾಗೇ ಒಂದೊಂದೇ ಮೆಟ್ಟಿಲು. ಮೂರನೆಯ ಮಹಡಿ ಮುಟ್ಟುವವರೆಗೂ ನೋಡಿದೆ. ಕೂಗಲಿಲ್ಲ. ಹೂವು ಅಲ್ಲೇ ಬಿಟ್ಟು ಬಂದೆ.

ಮುಂದಿನ ಭಾನುವಾರ ಸಂಘದ ಸಭೆಗೆ ಹೋದೆ. ಅದೇ ಎಂಟೊಂಬತ್ತು ಜನ, ಇನ್ನೂ ಕೆಲವರು. ತಗಡನ್ನು ಮೇಜಿನ ಮೇಲಿಟ್ಟೆ.

"ಸಾರ್, ಮೇಸ್ತ್ರಿದು ಏನೂ ತಪ್ಪಿಲ್ಲ. ಮೀನು ಸತ್ತಿದ್ದು ಇದರಿಂದ. ಹಾಕಿದ್ದು ನಾನು. ತೊಟ್ಟಿ ಒಡೀವಾಗ್ಲೇ ನಂಗೆ ಗೊತ್ತಾಯ್ತು. ಮುಚ್ಚಿಟ್ಟೆ."

ಒಬ್ಬಿಬ್ಬರು ಬಗ್ಗಿ ತಗಡನ್ನು ನೋಡಿದರು. ಆಮೇಲೆ ಒಬ್ಬ ಹೆಂಗಸು, "ಪೂಜೆ ಮಾಡಿದ ತಾಮ್ರದಿಂದ ಮೀನು ಸಾಯುತ್ತಾ? ಹಾಗೆಲ್ಲಾ ಅನ್ಬಾರ್ದು. ನಾವು ದಿನಾ ತಾಮ್ರದ ಚೊಂಬಲ್ಲೇ ನೀರು ಕುಡಿಯೋದು," ಎಂದರು.

ಯಜಮಾನರು ತಗಡನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. "ನಾನು ಅವತ್ತೇ ಹೇಳ್ದೆ, ಪಿಎಚ್ ಇಳೀತಾ ಇದೆ ಅಂತ," ಎಂದರು.

"ಮೇಸ್ತ್ರಿನ ಕರೀರಿ ಸಾರ್. ಮುಂದಿನ ಕೆಲ್ಸ ಏನಿದ್ರೂ ಅವ್ರಿಗೆ ಕೊಡಿ."

"ಸಿಮೆಂಟ್ ಬೇಡ ಅಂತ ತೀರ್ಮಾನ ಆಗಿಹೋಗಿದೆಯಲ್ಲಮ್ಮ. ಫೈಬರ್ ಚೆನ್ನಾಗೇ ನಡೀತಿದೆ. ಮತ್ತೆ ಅದನ್ನ ಯಾಕೆ ಕೆದಕೋದು? ನೀವು ಒಪ್ಕೊಂಡ್ರಿ, ದೊಡ್ಡತನ." ತಗಡನ್ನು ನನ್ನ ಕಡೆ ಸರಿಸಿದರು. "ಮುಂದಿನ ವಿಷಯ, ಮೂರನೇ ಕ್ರಾಸ್ ಪಾರ್ಕಿಂಗು."

ನನ್ನನ್ನು ಬೈಯುತ್ತಾರೆ, ಕೆಲಸದಿಂದ ಬಿಡಿಸುತ್ತಾರೆ ಎಂದುಕೊಂಡು ಹೋಗಿದ್ದೆ. ಯಾರೂ ಬೈಯಲಿಲ್ಲ. ಕಾಫಿ ಕೊಟ್ಟರು. ಫೈಬರ್ ತೊಟ್ಟಿಗಳ ಉಸ್ತುವಾರಿ ಈಗಲೂ ನನ್ನದೇ. ಕೆಟ್ಟದ್ದು ಮೇಸ್ತ್ರಿಯೊಬ್ಬರ ಹೆಸರು ಮಾತ್ರ.

ಅಲ್ಲಿಂದ ನೇರ ಬಿಟಿಎಂಗೆ ಹೋದೆ. ಭಾನುವಾರವೂ ಕೆಲಸ ನಡೆಯುತ್ತಿತ್ತು. ಮೇಸ್ತ್ರಿ ಮೂರನೆಯ ಮಹಡಿಯ ಹೊರಗೋಡೆಗೆ ಗಾರೆ ಬಳಿಯುತ್ತಿದ್ದರು. ಕೆಳಗಿಳಿದು ಬನ್ನಿ ಎಂದು ಕೂಗಿದೆ. ಕೇಳಿಸಿತು, ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತಬೇಕಲ್ಲ, ಆ ಕಾಲಿನಲ್ಲಿ. ರಸ್ತೆಯಲ್ಲೇ ನಿಂತು, ಕುತ್ತಿಗೆ ಎತ್ತಿ, ಗಾರೆ ಕಲಸುವವರು, ಇಟ್ಟಿಗೆ ಹೊರುವವರು ಎಲ್ಲರೂ ಕೇಳುವ ಹಾಗೆ ಹೇಳಿದೆ. ತಾಮ್ರ ಹಾಕಿದ್ದು ನಾನು, ನಿಮ್ಮ ಗಾರೆಯಲ್ಲಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ, ಸಂಘದಲ್ಲೂ ಹೇಳಿ ಬಂದಿದ್ದೇನೆ, ನನ್ನದು ತಪ್ಪಾಯಿತು ಮೇಸ್ತ್ರಿ ಎಂದೆ.

ಕರಣೆ ನಿಂತಿತು. ಅವರು ಗೋಡೆಯನ್ನೇ ನೋಡುತ್ತಿದ್ದರು.

"ಯಾವಾಗ ಗೊತ್ತಾಯ್ತು ಅಕ್ಕ ನಿಮ್ಗೆ?"

ಸುಳ್ಳು ಹೇಳಬಹುದಿತ್ತು. ನಿನ್ನೆ ಎನ್ನಬಹುದಿತ್ತು.

"ನೀವು ಒಡೀತಿದ್ದಾಗ," ಎಂದೆ. "ಇನ್ನೂ ಮುಕ್ಕಾಲು ಭಾಗ ನಿಂತಿತ್ತು."

ಅವರು ಬಾಣಲಿಯಿಂದ ಗಾರೆ ತೆಗೆದುಕೊಂಡು ಗೋಡೆಗೆ ಎಸೆದರು, ಒತ್ತಿ ಎಳೆದರು. ಇನ್ನೊಂದು ಕರಣೆ ತೆಗೆದುಕೊಂಡರು. ಆಮೇಲೆ, ನನ್ನತ್ತ ತಿರುಗದೆಯೇ ಹೇಳಿದರು:

"ಸ್ವಲ್ಪ ಆ ಕಡೆ ನಿಂತ್ಕೊಳಿ ಅಕ್ಕ. ಗಾರೆ ಬೀಳುತ್ತೆ."